ಪರದೇಶದಲ್ಲಿ ಪ್ರಾರ್ಥನೆ ಬರ್ತಿಲ್ಲ ಅಂದ್ರೆ ದೇವರನ್ನ ಬಿಟ್ಟೆ ಅಂತಾನಾ?

ಪ್ರಶ್ನೆ: ಅಕ್ಕಾ ವಂದನೆಗಳು. ನಮ್ದು ಶ್ರೀನಿವಾಸಪುರ ತಾಲ್ಲೂಕು. ಬೋರ್‌ವೆಲ್ ಸಾಲ, ಸಂಘದ ಸಾಲ ತೀರ್ಸೋಕೆ ಅಂತ ಕುವೈತ್‌ಗೆ ಮನೆಕೆಲಸಕ್ಕೆ ಬಂದು 14 ತಿಂಗಳಾಯ್ತು. ಒಂದಿನಾನೂ ರಜಾ ಇಲ್ಲ, ಚರ್ಚ್ ಇದೆ ಅಂತಾರೆ ಆದ್ರೆ ನಾನು ಗೇಟ್ ದಾಟಿಲ್ಲ. ಪಾಸ್‌ಪೋರ್ಟ್ ಬಾಬಾ, ಅಂದ್ರೆ ಮನೆ ಮಾಲೀಕನ ಹತ್ರ ಇದೆ. ನಾಲ್ಕು ತಿಂಗಳಿಂದ ಅರ್ಧ ಸಂಬಳ. ಒಂದ್ಸಲ ಮೇಡಂ ಕೈ ಮಾಡಿದ್ರು. ಫೋನ್ ರಾತ್ರಿ ಒಂದು ಗಂಟೆ ಹೊತ್ತು ಮಾತ್ರ ಕೊಡ್ತಾರೆ. ಮೊದಲು ದಿನಾ ಪ್ರಾರ್ಥನೆ ಮಾಡ್ತಿದ್ದೆ, ಈಗ ಮಂಡಿ ಹಾಕಿದ್ರೆ ಮಾತೇ ಬರಲ್ಲ, ದೇವರ ಮೇಲೆ ಕೋಪಾನೇ ಬರತ್ತೆ. ಅತ್ತೆ ಫೋನಲ್ಲಿ ಇನ್ನೂ ಜಾಸ್ತಿ ಪ್ರಾರ್ಥನೆ ಮಾಡು, ಸಹಿಸ್ಕೋ, ಇದು ಪರೀಕ್ಷೆ ಅಂತಾರೆ. ಮೇಡಂ ಹೇಳಿದ್ರು ಅಂತ ಕುತ್ತಿಗೆಲಿದ್ದ ಶಿಲುಬೆ ಸರಾನೂ ಬಿಚ್ಚಿಟ್ಟೆ. ನಾನು ದೇವರನ್ನ ಬಿಟ್ಟುಬಿಟ್ನಾ ಅಕ್ಕಾ?

ಉತ್ತರ: ತಂಗಿ, ಫೋನ್ ವಾಪಸ್ ಕೊಡೋ ಟೈಮ್ ಆಗಿದ್ರೆ ಇಷ್ಟಾದ್ರೂ ಓದ್ಕೊಂಡು ಮಲಗು ಅಂತ ಉತ್ತರ ಮೊದಲೇ ಹೇಳ್ಬಿಡ್ತೀನಿ. ನೀನು ದೇವರನ್ನ ಬಿಟ್ಟಿಲ್ಲ. ಬಿಟ್ಟವರಿಗೆ ಕೋಪ ಬರಲ್ಲ ಕಣಮ್ಮ. ಮನೇಲಿ ಯಾರೂ ಇಲ್ಲ ಅಂತ ಗೊತ್ತಿದ್ದಾಗ ಬಾಗಿಲು ಬಡ್ಕೊಂಡು ಯಾರು ಕಿರುಚ್ತಾರೆ? ರಾತ್ರಿ ಹನ್ನೊಂದು ಗಂಟೆಗೆ ಪಾತ್ರೆ ಎಲ್ಲ ಮುಗಿಸಿ ಬಂದು, ಸೊಂಟ ನೋಯ್ತಿದ್ರೂ ಮಂಡಿ ಹಾಕ್ತೀಯಲ್ಲ, ಮಾತು ಬರದೆ ಇದ್ರೂ ಕೂತಿರ್ತೀಯಲ್ಲ, ಅದನ್ನ ನಾನು ಪ್ರಾರ್ಥನೆ ಅಂತಾನೇ ಲೆಕ್ಕ ಹಾಕ್ತೀನಿ.

ಇದನ್ನ ಪುಸ್ತಕ ನೋಡ್ಕೊಂಡು ಹೇಳ್ತಿಲ್ಲ. ಕೋಲಾರದಲ್ಲಿ ನರ್ಸಿಂಗ್ ಮುಗಿಸಿ ನಾನೂ ಕುವೈತ್‌ಗೆ ಹೋಗಿದ್ದೆ, ಒಂಬತ್ತು ವರ್ಷ ಅಲ್ಲಿದ್ದೆ, ವಾಪಸ್ ಬಂದು ದೇವಶಾಸ್ತ್ರ ಓದಿದೆ, ಈಗ ಹನ್ನೆರಡು ವರ್ಷದಿಂದ ಈ ಕಡೆ ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಕಡೆಯಿಂದ ಗಲ್ಫ್‌ಗೆ ಹೋದವರು, ಇಲ್ಲೇ ಉಳಿದ ಅವರ ಮಕ್ಕಳು ಗಂಡಂದಿರು, ಇವರ ಜೊತೇನೇ ನನ್ನ ಕೆಲಸ. ನನ್ನ ಕಷ್ಟ ನಿನ್ನ ಕಷ್ಟದ ಮುಂದೆ ಏನೂ ಅಲ್ಲ, ಅದನ್ನ ಮೊದಲೇ ಒಪ್ಕೋತೀನಿ, ನನಗೆ ಹಾಸ್ಟೆಲ್ ಇತ್ತು, ವಾರಕ್ಕೊಂದು ರಜಾ ಇತ್ತು, ಮಾತಾಡೋಕೆ ಜನ ಇದ್ರು. ಆದ್ರೆ ನಾಲಿಗೆ ಒಣಗಿ ಹೋಗೋದು ಅಂದ್ರೇನು ಅಂತ ನನಗೆ ಗೊತ್ತು. ಅಪ್ಪ ತೀರ್ಕೊಂಡಾಗ ನಾನಿದ್ದ ಆಸ್ಪತ್ರೆಯವರು ರಜಾ ಕೊಡ್ಲಿಲ್ಲ, ಮಣ್ಣಿಗೂ ಬರೋಕಾಗ್ಲಿಲ್ಲ, ಆಮೇಲೆ ನಾಲ್ಕು ತಿಂಗಳು ನಾನು ಒಂದು ಸಾಲು ಪ್ರಾರ್ಥನೆ ಮಾಡಿಲ್ಲ. ಅದರ ವಿಷಯ ಮುಂದೆ ಹೇಳ್ತೀನಿ.

ನಮ್ಮ ತಾತ ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್ ಗಣಿಲಿ ಇಳೀತಿದ್ರು. ಅವರೂ ಊರು ಬಿಟ್ಟು ಗಡಿ ದಾಟಿ ಬಂದವರೇ, ಆ ಕಾಲಕ್ಕೆ ಅದೂ ಪರದೇಶಾನೇ, ಭಾಷೆ ಬೇರೆ, ದೊರೆ ಬೇರೆ, ಇರೋಕೆ ಕೂಲಿ ಲೈನಿನ ಒಂದು ರೂಮು. ಆ ಗಣಿ ಮೂರು ಕಿಲೋಮೀಟರಿಗಿಂತ ಆಳ, ಕೆಳಗೆ ಯಾವಾಗ ಬಂಡೆ ಸಿಡಿಯತ್ತೋ ಗೊತ್ತಿಲ್ಲ. ನಾನು ಚಿಕ್ಕವಳಿದ್ದಾಗ ಕೇಳಿದ್ದೆ, ತಾತ ಕೇಜಲ್ಲಿ, ಅಂದ್ರೆ ಗಣಿ ಲಿಫ್ಟಲ್ಲಿ, ಇಳೀವಾಗ ಏನು ಪ್ರಾರ್ಥನೆ ಮಾಡ್ತಿದ್ರಿ ಅಂತ. ಅವರು ಹೇಳಿದ್ದು, ಇಳೀವಾಗ ಏನೂ ಇಲ್ಲಮ್ಮ, ಬರೀ ಭಯ, ಕೇಜಿನ ಕಂಬಿ ಗಟ್ಟಿಯಾಗಿ ಹಿಡ್ಕೊಂಡಿರ್ತಿದ್ದೆ, ನನಗೆ ಭಯ ಆಗ್ತಿದೆ ಅಂತ ಕರ್ತನಿಗೆ ಹೇಳಿ ಬೇರೆ ತಿಳಿಸ್ಬೇಕಾ ಅಂತ. ಭಾನುವಾರ ಬಿಳಿ ಪಂಚೆ ಉಟ್ಕೊಂಡು ಮುಂದಿನ ಬೆಂಚಲ್ಲಿ ಕೂರ್ತಿದ್ದ ಮನುಷ್ಯ ಅವರು. ಅವರಿಗೇ ಅಷ್ಟು ಅಂದ್ರೆ ನಿನಗೆ ಮಾತು ಬರ್ತಿಲ್ಲ ಅನ್ನೋದಕ್ಕೆ ಇಷ್ಟು ಹೆದರ್ಕೋಬೇಡ.

ಸತ್ಯವೇದದಲ್ಲಿ, ಅಂದ್ರೆ ಬೈಬಲಲ್ಲಿ, ಕೋಪಕ್ಕೆ ಜಾಗ ಇಲ್ಲ ಅಂತ ನಮಗೆ ಯಾರು ಕಲಿಸಿದ್ರೋ ಏನೋ. ಕೀರ್ತನೆಗಳು 137 ತೆಗೆದು ನೋಡು, ಬಾಬೆಲಿಗೆ, ಅಂದ್ರೆ ಬ್ಯಾಬಿಲೋನಿಗೆ, ಸೆರೆ ಹೋದ ಯೆಹೂದ್ಯರದ್ದು ಅದು. ಯೆರೂಸಲೇಮ್ ಪೂರ್ತಿ ಹಾಳಾಗಿದ್ದು ಕ್ರಿಸ್ತಪೂರ್ವ 586ರ ಆಸುಪಾಸು, ಜನಾನ ಎಳ್ಕೊಂಡು ಹೋಗಿ ಅಲ್ಲಿ ನದಿ ದಡದಲ್ಲಿ ನಿಮ್ಮೂರ ಹಾಡು ಹಾಡಿ ನೋಡೋಣ ಅಂತ ಕೇಳ್ತಾರೆ, ಇವರು ತಂತಿವಾದ್ಯನ ಮರಕ್ಕೆ ನೇತು ಹಾಕಿ ಅಳ್ತಾ ಕೂರ್ತಾರೆ. ಪರದೇಶದಲ್ಲಿ ಕರ್ತನ ಹಾಡು ಹೇಗೆ ಹಾಡೋದು ಅಂತ ಕೇಳ್ತಾರೆ ಅಷ್ಟೇ, ಹಾಡಲ್ಲ. ಆ ಕೀರ್ತನೆಯ ಕೊನೇ ಸಾಲು ಓದೋಕೇ ಮೈ ನಡುಗತ್ತೆ, ಅಷ್ಟು ಸಿಟ್ಟಿದೆ ಅದರಲ್ಲಿ. 88ನೇ ಕೀರ್ತನೆ ಇನ್ನೂ ಬೇರೆ ಥರ. ಬಾಕಿ ಅಳುವಿನ ಕೀರ್ತನೆಗಳಲ್ಲಿ ಹೆಚ್ಚಿನವು ಅತ್ತು ಕರೆದು ಕೊನೆಗೆ ಸ್ತೋತ್ರಕ್ಕೆ ಬರ್ತವೆ, ಇದು ಬರೋದೇ ಇಲ್ಲ, ಕತ್ತಲೆ ಅಂತ ಹೇಳಿ ಅಲ್ಲಿಗೇ ನಿಂತುಹೋಗತ್ತೆ. ಆದ್ರೂ ಅದನ್ನ ಯಾರೂ ಪುಸ್ತಕದಿಂದ ತೆಗೆದು ಹಾಕಿಲ್ಲ. ನಿನಗೆ ಮಾತು ಬರದ ದಿನ ಅದನ್ನೇ ಓದು, ಓದೋಕೂ ಆಗ್ದಿದ್ರೆ ಫೋನಲ್ಲಿ ಹಾಕಿ ಕೇಳು.

ಈಗ ಹಾಗರಳ ವಿಷಯಕ್ಕೆ ಬರ್ತೀನಿ, ನಿನ್ನ ಪತ್ರ ಓದ್ದಾಗಿಂದ ನನ್ನ ತಲೇಲಿ ಅವಳೇ ಓಡಾಡ್ತಿದಾಳೆ. ಸಂಡೇ ಸ್ಕೂಲಲ್ಲಿ ಅವಳ ಬಗ್ಗೆ ಜಾಸ್ತಿ ಹೇಳ್ಕೊಡಲ್ಲ, ಸಾರಯಳ ಕಥೆಯಲ್ಲಿ ಪಕ್ಕಕ್ಕೆ ಬಂದು ಹೋಗ್ತಾಳೆ. ಆದಿಕಾಂಡ 16 ತೆಗಿ. ಹಾಗರ್ ಐಗುಪ್ತದವಳು, ಅಂದ್ರೆ ಈಜಿಪ್ಟಿನವಳು, ಬೇರೆ ದೇಶದ ಮನೇಲಿ ಮನೆಕೆಲಸದವಳು. ಅವಳ ಒಡತಿ ಯಾರೋ ಕೆಟ್ಟ ಹೆಂಗಸಲ್ಲ, ನಮ್ಮ ನಂಬಿಕೆಯ ಪಿತೃ ಅಬ್ರಾಮನ, ಅಂದ್ರೆ ಆಮೇಲೆ ಅಬ್ರಹಾಮ ಆದವನ, ಹೆಂಡತಿ ಸಾರಯ. ಆ ಮನೇಲೇ ಇವಳಿಗೆ ಎಷ್ಟು ಹಿಂಸೆ ಆಗತ್ತೆ ಅಂದ್ರೆ ಬಸುರಿ ಹೆಂಗಸು ಒಬ್ಬಳೇ ಮರುಭೂಮಿಗೆ ಓಡಿಹೋಗ್ತಾಳೆ, ಶೂರಿನ ದಾರೀಲಿ ಒಂದು ನೀರಿನ ಬುಗ್ಗೆ ಹತ್ರ ಕೂತಿರ್ತಾಳೆ. ಅಲ್ಲಿಗೆ ಕರ್ತನ ದೂತ ಬಂದು ಮೊದಲು ಕೇಳೋದು ಏನು ಗೊತ್ತಾ, ಎಲ್ಲಿಂದ ಬಂದೆ, ಎಲ್ಲಿಗೆ ಹೋಗ್ತಿದೀಯ ಅಂತ. ಅವಳು ಎರಡನೇದಕ್ಕೆ ಉತ್ತರಾನೇ ಕೊಡಲ್ಲ, ಒಡತಿ ಹತ್ರ ಇಂದ ಓಡಿ ಬಂದೆ ಅಂತ ಮಾತ್ರ ಹೇಳ್ತಾಳೆ. ಎಲ್ಲಿಗೆ ಹೋಗ್ಬೇಕು ಅಂತ ಅವಳಿಗೂ ಗೊತ್ತಿಲ್ಲ. ಆಮೇಲೆ ಹುಟ್ಟೋ ಮಗುಗೆ ಇಷ್ಮಾಯೇಲ್ ಅಂತ ಹೆಸರಿಡು ಅಂತಾನೆ, ದೇವರು ಕೇಳ್ತಾನೆ ಅಂತ ಅದರ ಅರ್ಥ, ಯಾಕಂದ್ರೆ ನಿನ್ನ ಕಷ್ಟದ ಮೊರೆ ಕರ್ತನ ಕಿವಿಗೆ ಬಿದ್ದಿದೆ ಅಂತ. ಅವಳು ಆಗ ದೇವರಿಗೇ ಒಂದು ಹೆಸರಿಡ್ತಾಳೆ, ನನ್ನನ್ನ ನೋಡೋ ದೇವರು ಅಂತ. ಸತ್ಯವೇದದಲ್ಲಿ ದೇವರಿಗೆ ಮೊದಲು ಹೆಸರಿಟ್ಟಿದ್ದು ಅಬ್ರಹಾಮನೂ ಅಲ್ಲ, ಮೋಶೆಯೂ ಅಲ್ಲ, ಪರದೇಶದ ಮನೆಕೆಲಸದ ಹೆಂಗಸು. ನನಗೆ ಇದು ಗೊತ್ತಾದ ದಿನ ಪುಸ್ತಕ ಮುಚ್ಚಿಟ್ಟು ಸುಮಾರು ಹೊತ್ತು ಹಾಗೇ ಕೂತಿದ್ದೆ.

ಇದೇ ಅಧ್ಯಾಯದಲ್ಲಿ ದೂತ ಒಡತಿ ಹತ್ರ ವಾಪಸ್ ಹೋಗು, ಅವಳಿಗೆ ತಗ್ಗಿ ನಡ್ಕೋ ಅನ್ನೋ ಮಾತೂ ಇದೆ, ಅದನ್ನ ನಾನು ಮುಚ್ಚಿಡಲ್ಲ. ನಿನ್ನಂಥವರಿಗೆ ಈ ವಚನಾನೇ ತೋರ್ಸಿ ನೋಡು ಸಹಿಸ್ಕೋ ಅಂತ ಹೇಳಿರೋದನ್ನ ನಾನೇ ಕೇಳಿದೀನಿ, ಹೊಟ್ಟೆ ಉರಿಯತ್ತೆ. ಅವಳು ಆಗ ಬಸುರಿ, ಮರುಭೂಮೀಲಿ ಒಬ್ಬಳೇ, ಅಲ್ಲೇ ಇದ್ದಿದ್ರೆ ತಾಯಿ ಮಗು ಇಬ್ಬರೂ ಉಳೀತಿರ್ಲಿಲ್ಲ. ಜೀವ ಉಳಿಸೋಕೆ ಹೇಳಿದ ಮಾತು ಅಂತ ನಾನು ಓದ್ತೀನಿ, ಸಾರಯ ಮಾಡಿದ್ದು ಸರಿ ಅಂತ ದೂತ ಎಲ್ಲೂ ಹೇಳಿಲ್ಲ. 21ನೇ ಅಧ್ಯಾಯಕ್ಕೆ ಬಾ, ಅಲ್ಲಿ ಅವಳು ಆ ಮನೆಯಿಂದ ಪೂರ್ತಿ ಆಚೆ ಬರ್ತಾಳೆ. ರೊಟ್ಟಿ, ಒಂದು ಚರ್ಮದ ಚೀಲದಲ್ಲಿ ನೀರು, ಅಷ್ಟೇ. ನೀರು ಮುಗಿದಾಗ ಮಗನ್ನ ಪೊದೆ ಕೆಳಗೆ ಮಲಗಿಸಿ, ಅವನು ಸಾಯೋದನ್ನ ನೋಡಲಾರೆ ಅಂತ ಬಾಣ ಬಿಟ್ಟಷ್ಟು ದೂರ ಹೋಗಿ ಕೂತು ಅಳ್ತಾಳೆ. ಅವಳು ಅಲ್ಲಿ ಪ್ರಾರ್ಥನೆ ಮಾಡಿದ್ಲು ಅಂತ ಬರೆದಿಲ್ಲ ತಂಗಿ, ಅತ್ತಳು ಅಂತ ಬರೆದಿದೆ. ದೇವರು ಅವಳ ಕಣ್ಣು ತೆರೆಸಿದಾಗ ಒಂದು ಬಾವಿ ಕಾಣ್ಸತ್ತೆ. ಈ ಸಲ ವಾಪಸ್ ಹೋಗು ಅನ್ನೋ ಮಾತಿಲ್ಲ.

ಇನ್ನೊಂದು ಸಂಗತಿ. ನೀನಿರೋ ಮನೆಯವರಿಗೂ ಹಾಗರ್ ಗೊತ್ತು, ಅವರು ಹಾಜರಾ ಅಂತಾರೆ. ಹಜ್‌ಗೆ ಹೋದವರು ಮೆಕ್ಕಾದಲ್ಲಿ ಸಫಾ ಮರ್ವಾ ಅನ್ನೋ ಎರಡು ಗುಡ್ಡದ ಮಧ್ಯೆ ಏಳು ಸಲ ನಡೀತಾರಲ್ಲ, ಅದು ಮಗನಿಗೆ ನೀರು ಹುಡುಕ್ತಾ ಆಕೆ ಓಡಿದ್ದನ್ನ ನೆನೆಸ್ಕೊಂಡು. ರಾಜ ಹೋದ್ರೂ ಆ ತಾಯಿ ಹೆಜ್ಜೆ ಮೇಲೇ ನಡೀಬೇಕು. ನಿನ್ನ ಮೇಲೆ ಕೈ ಮಾಡೋದು ಅವರ ಧರ್ಮಕ್ಕೂ ಒಪ್ಪೋ ಮಾತಲ್ಲ, ಅಲ್ಲಿ ಕೆಲಸದವರನ್ನ ಮಗಳ ಹಾಗೆ ನೋಡ್ಕೊಂಡ ಎಷ್ಟೋ ಮನೆ ನಾನೇ ನೋಡಿದೀನಿ, ಅದಕ್ಕೆ ಕುವೈತಿನವರೆಲ್ಲ ಹೀಗೇ ಅಂತ ಮನಸ್ಸಲ್ಲಿ ಗಂಟು ಹಾಕ್ಕೋಬೇಡ.

ಈಗ ನಿಮ್ಮತ್ತೆ ಹೇಳೋ ಸಹಿಸ್ಕೋ ವಿಷಯ. ಅವರು ಒಳ್ಳೆ ಮನಸ್ಸಿಂದಾನೇ ಹೇಳ್ತಿದಾರೆ, ಸಾವಿರಾರು ಕಿಲೋಮೀಟರ್ ದೂರದಿಂದ ಅವರ ಕೈಲಿ ಇನ್ನೇನು ಕೊಡೋಕಾಗತ್ತೆ. ಆದ್ರೆ ನಂಬಿಕೆ ಇರೋರು ಬಾಯಿ ಮುಚ್ಕೊಂಡಿರ್ಬೇಕು ಅನ್ನೋದನ್ನ ನಾನು ಒಪ್ಪಲ್ಲ. ಯೋಸೇಫನ್ನ ನೋಡು, ಅಣ್ಣಂದಿರು ಮಾರಿದಾಗ 17 ವರ್ಷ, ಐಗುಪ್ತದ ರಾಜ ಫರೋಹನ ಮುಂದೆ ನಿಂತಾಗ 30. ಮಧ್ಯೆ 13 ವರ್ಷ ಪರದೇಶದಲ್ಲಿ ಗುಲಾಮ, ಆಮೇಲೆ ಮಾಡದ ತಪ್ಪಿಗೆ ಜೈಲು. ಅವನನ್ನ ನಾವು ಸಹನೆಗೆ ಉದಾಹರಣೆ ಕೊಡ್ತೀವಿ, ಸರಿ, ಆದ್ರೆ ಅವನ ಧಣಿ ಪೋಟೀಫರನ ಹೆಂಡತಿ ಬಟ್ಟೆ ಹಿಡಿದಾಗ ಅವನು ಸಹಿಸ್ಕೊಂಡು ನಿಲ್ಲಲಿಲ್ಲ, ಬಟ್ಟೆ ಬಿಟ್ಟು ಓಡಿದ. ಜೈಲಲ್ಲಿ ಜೊತೇಲಿದ್ದ ಪಾನದಾಯಕ, ಅಂದ್ರೆ ರಾಜನಿಗೆ ಕುಡಿಯೋಕೆ ಕೊಡೋನು, ಬಿಡುಗಡೆ ಆಗೋವಾಗ ಅವನಿಗೆ ಏನು ಹೇಳಿದ, ಫರೋಹನ ಹತ್ರ ನನ್ನ ವಿಷಯ ಹೇಳು, ನನ್ನನ್ನ ಇಬ್ರಿಯರ ದೇಶದಿಂದ ಕದ್ದು ತಂದ್ರು, ಇಲ್ಲೂ ನಾನು ಜೈಲಿಗೆ ಹಾಕೋ ಅಂಥದ್ದೇನೂ ಮಾಡಿಲ್ಲ ಅಂತ. ಇವತ್ತಿನ ಭಾಷೇಲಿ ಅದು ಅರ್ಜಿ, ಕಂಪ್ಲೇಂಟು. ಆ ಮನುಷ್ಯ ಎರಡು ವರ್ಷ ಮರೆತೇಬಿಟ್ಟ ಅದು ಬೇರೆ ಮಾತು. ದೇವರನ್ನ ನಂಬಿರೋನು ಮನುಷ್ಯರ ಹತ್ರ ಅರ್ಜಿ ಕೊಡೋದು ಅಪನಂಬಿಕೆ ಅಂತ ಆ ಪುಸ್ತಕದಲ್ಲಿ ಎಲ್ಲೂ ಇಲ್ಲ.

ಅದಕ್ಕೆ ನಿನ್ನ ಅರ್ಜಿ ವಿಷಯ ಸ್ವಲ್ಪ ವಿವರವಾಗಿ ಹೇಳ್ತೀನಿ, ಇದೂ ಪ್ರಾರ್ಥನೆಯಷ್ಟೇ ಮುಖ್ಯ. ಕುವೈತಲ್ಲಿ ಮನೆಕೆಲಸದವರಿಗೇ ಅಂತ 2015ರ 68ನೇ ನಂಬರ್ ಕಾನೂನಿದೆ. ಅದರ ಪ್ರಕಾರ ದಿನಕ್ಕೆ 12 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ, ವಾರಕ್ಕೊಂದು ದಿನ ರಜಾ, ವರ್ಷಕ್ಕೆ ಸಂಬಳ ಸಮೇತ ರಜಾ, ಕೆಲಸದವರ ಪಾಸ್‌ಪೋರ್ಟನ್ನ ಅವರ ಒಪ್ಪಿಗೆ ಇಲ್ಲದೆ ಮಾಲೀಕ ತನ್ನ ಹತ್ರ ಇಟ್ಕೊಳ್ಳೋ ಹಾಗಿಲ್ಲ. 2016ರಲ್ಲಿ ಕನಿಷ್ಠ ಸಂಬಳ ತಿಂಗಳಿಗೆ 60 ದಿನಾರ್ ಅಂತ ಮಾಡಿದ್ರು. ಅಂದ್ರೆ ನಿನ್ನ ಮೇಲೆ ಆಗ್ತಿರೋದು ನಿನ್ನ ಹಣೆಬರಹವೂ ಅಲ್ಲ, ದೇವರ ಪರೀಕ್ಷೆಯೂ ಅಲ್ಲ, ಅಲ್ಲಿನ ಸರ್ಕಾರವೇ ತಪ್ಪು ಅಂತ ಬರೆದಿಟ್ಟಿರೋ ಕೆಲಸ. ನಮ್ಮ ಇಂಡಿಯನ್ ಎಂಬೆಸಿಲಿ ಮನೆಕೆಲಸದ ಹೆಣ್ಮಕ್ಕಳಿಗೆ ಅಂತಾನೇ ಶೆಲ್ಟರ್ ಇದೆ, ಕಷ್ಟದಲ್ಲಿರೋರಿಗೆ ಖರ್ಚು ಮಾಡೋಕೆ ಅಂತ ವೆಲ್‌ಫೇರ್ ಫಂಡೂ ಇದೆ. ನೀನೇ ಹೋಗಿ ದೂರು ಕೊಡ್ಬೇಕು ಅಂತೇನಿಲ್ಲ, ಊರಲ್ಲಿರೋ ನಿನ್ನ ಯಜಮಾನರು ವಿದೇಶಾಂಗ ಇಲಾಖೆಯ ಮದದ್ ಪೋರ್ಟಲಲ್ಲಿ ನಿನ್ನ ಪಾಸ್‌ಪೋರ್ಟ್ ನಂಬರ್ ಹಾಕಿ ದೂರು ಕೊಡಬಹುದು, ಅದು ಎಂಬೆಸಿಗೆ ಹೋಗತ್ತೆ.

ಒಂದು ಎಚ್ಚರಿಕೆ. ತಡೀಲಾರ್ದೆ ಒಂದಿನ ಗೇಟ್ ತೆಗೆದಿದ್ದಾಗ ಓಡಿಹೋಗಿ ಯಾರೋ ಪರಿಚಯದವರ ರೂಮಲ್ಲಿ ಸೇರ್ಕೊಂಡು ಹೊರಗೆ ಕೆಲಸ ಮಾಡೋದು, ಅದು ಮಾತ್ರ ಬೇಡ. ಕಫೀಲ್, ಅಂದ್ರೆ ನಿನಗೆ ವೀಸಾ ಕೊಟ್ಟ ಮಾಲೀಕ, ನಿನ್ನ ಮೇಲೆ ಓಡಿಹೋದ್ಲು ಅಂತ ಕೇಸ್ ಹಾಕಿದ್ರೆ ಬತಾಕ, ಅಂದ್ರೆ ಅಲ್ಲಿನ ಗುರುತಿನ ಕಾರ್ಡು, ಹೋಗತ್ತೆ, ಆಮೇಲೆ ಊರಿಗೆ ಬರೋಕೂ ಕಷ್ಟ. ಹೊರಗೆ ಬರೋ ಪರಿಸ್ಥಿತಿ ಬಂದ್ರೆ ನೇರ ಎಂಬೆಸಿಗೆ, ಇಲ್ಲ ಪೊಲೀಸ್ ಸ್ಟೇಷನ್‌ಗೆ. ಮತ್ತೆ ಕೈ ಮಾಡಿದ್ರೆ, ಅಥವಾ ಮನೇಲಿ ಬೇರೆ ಯಾರಿಂದಾದ್ರೂ ಭಯ ಇದ್ರೆ ಒಂದಿನಾನೂ ಕಾಯಬೇಡ. ಯೋಸೇಫ ಬಟ್ಟೆ ಬಿಟ್ಟು ಓಡಿದ ಹಾಗೆ ಬಾಕಿ ಸಂಬಳ ಬಿಟ್ಟಾದ್ರೂ ಆಚೆ ಬಾ, ಸಾಲ ಹೇಗೋ ತೀರತ್ತೆ.

ಶಿಲುಬೆ ಸರದ ವಿಷಯಕ್ಕೆ ನೀನು ಇಷ್ಟೊಂದು ನೊಂದಿದೀಯ ಅಂತ ಓದಿ ನನಗೆ ಸಂಕಟ ಆಯ್ತು. ಎರಡನೇ ಅರಸುಗಳು 5ರಲ್ಲಿ ನಾಮಾನ ಅಂತ ಸಿರಿಯಾದ ಸೇನಾಪತಿ ಬರ್ತಾನಲ್ಲ, ಕುಷ್ಠ ವಾಸಿ ಆದ್ಮೇಲೆ ಇನ್ಮೇಲೆ ಕರ್ತನಿಗೆ ಮಾತ್ರ ಯಜ್ಞ ಮಾಡ್ತೀನಿ ಅಂತಾನೆ, ಆದ್ರೆ ಒಂದು ವಿಷಯಕ್ಕೆ ಕ್ಷಮೆ ಬೇಕು, ನಮ್ಮ ರಾಜ ನನ್ನ ಕೈ ಹಿಡ್ಕೊಂಡು ರಿಮ್ಮೋನನ ಗುಡಿಗೆ ಹೋಗ್ತಾನೆ, ಅವನು ಬಗ್ಗಿದಾಗ ನಾನೂ ಬಗ್ಗಬೇಕಾಗತ್ತೆ ಅಂತ ಪ್ರವಾದಿ ಎಲೀಷನ ಹತ್ರ ಕೇಳ್ತಾನೆ. ಎಲೀಷ ಬೈಯಲ್ಲ, ಪಾಠ ಮಾಡಲ್ಲ, ಸಮಾಧಾನದಿಂದ ಹೋಗು ಅಂತಾನೆ ಅಷ್ಟೇ. ಪರರ ಕೈಕೆಳಗೆ ಇರೋರ ಸ್ಥಿತಿ ದೇವರಿಗೆ ಅರ್ಥ ಆಗತ್ತೆ. ನೀನು ಬಿಚ್ಚಿಟ್ಟಿದ್ದು ಸರ, ಅದನ್ನ ಬ್ಯಾಗಲ್ಲಿ ಭದ್ರವಾಗಿಡು. ಅದೇ ಅಧ್ಯಾಯದಲ್ಲಿ ನಾಮಾನನಿಗೆ ಪ್ರವಾದಿ ವಿಷಯ ಮೊದಲು ತಿಳಿದಿದ್ದು ಯಾರಿಂದ ಅಂತಾನೂ ನೋಡು, ಇಸ್ರೇಲಿಂದ ಹಿಡ್ಕೊಂಡು ಬಂದು ಅವನ ಹೆಂಡತಿ ಸೇವೆಗೆ ಇಟ್ಕೊಂಡಿದ್ದ ಒಂದು ಚಿಕ್ಕ ಹುಡುಗಿ, ಅವಳ ಹೆಸರೂ ಬರೆದಿಲ್ಲ.

ನೀನು ಕೇಳಿಲ್ಲ ಆದ್ರೂ ಹೇಳ್ತೀನಿ, ಈ ವಾಯ್ಸ್ ಮೆಸೇಜಲ್ಲಿ ಪ್ರವಾದನೆ ಹೇಳೋರ ಹತ್ರ ಹುಷಾರು. ಈ ತಿಂಗಳೇ ನಿನ್ನ ಬಾಗಿಲು ತೆರೆಯತ್ತೆ, ಕಾಣಿಕೆ ಕಳ್ಸು ಅಂತಾರೆ, ಬಾಗಿಲು ತೆರೀದೆ ಇದ್ದಾಗ ನಿನ್ನ ನಂಬಿಕೆ ಸಾಲದು ಅಂತಾರೆ. ಬಾಬೆಲ್ ಕಾಲದಲ್ಲೂ ಹನನ್ಯ ಅಂತ ಒಬ್ಬ ಎರಡೇ ವರ್ಷದಲ್ಲಿ ಎಲ್ಲ ವಾಪಸ್ ಬರತ್ತೆ ಅಂತ ಹೇಳಿ ಜನಾನ ಖುಷಿಪಡಿಸಿದ. ಪ್ರವಾದಿ ಯೆರೆಮೀಯ ಮಾತ್ರ 70 ವರ್ಷ ಅಂದ, ಸೆರೆಯಲ್ಲಿದ್ದವರಿಗೆ ಕಾಗದ ಬರೆದು ಮನೆ ಕಟ್ಕೊಳ್ಳಿ, ತೋಟ ಮಾಡ್ಕೊಂಡು ಹಣ್ಣು ತಿನ್ನಿ, ನೀವಿರೋ ಊರಿಗೋಸ್ಕರ ಪ್ರಾರ್ಥಿಸಿ ಅಂದ. ನಿನ್ನ ಕೈಲಿ ಬರ್ತಿರೋದೇ ಅರ್ಧ ಸಂಬಳ, ಅದರಲ್ಲಿ ಒಂದು ಪೈಸೆ ಯಾರಿಗೂ ಕಳ್ಸಬೇಡ.

ಇನ್ನು ದಿನಾ ಏನು ಮಾಡೋದು ಅಂತ. ಮೇಲೆ ಹೇಳಿದ್ನಲ್ಲ, ಅಪ್ಪ ಹೋದಮೇಲೆ ನಾಲ್ಕು ತಿಂಗಳು ನಾನು ಪ್ರಾರ್ಥನೆ ಮಾಡಿಲ್ಲ ಅಂತ. ಮಾಡಿದ್ದು ಒಂದೇ. ಬೆಳಿಗ್ಗೆ ನಾಲ್ಕಕ್ಕೆ ಡ್ಯೂಟಿಗೆ ಏಳ್ತಿದ್ದೆ, ಪಕ್ಕದ ಮಸೀದಿ ಬಾಂಗೇ ಎಷ್ಟೋ ದಿನ ನನ್ನ ಅಲಾರಂ ಆಗಿತ್ತು. ಎದ್ದು ರೂಮಿನ ಕಿಟಕಿ ಒಂದು ನಿಮಿಷ ತೆಗೀತಿದ್ದೆ. ಅದು ಪೂರ್ವದ ಕಡೆ ಕಿಟಕಿ, ಬಾಬೆಲಲ್ಲಿ ಸೆರೆ ಇದ್ದ ದಾನಿಯೇಲ ಯೆರೂಸಲೇಮಿನ ಕಡೆ ಕಿಟಕಿ ತೆಗೆದು ದಿನಕ್ಕೆ ಮೂರು ಸಲ ಮಂಡಿ ಊರ್ತಿದ್ದ ಅಂತ ಓದಿದ್ದು ತಲೇಲಿ ಉಳಿದಿತ್ತೇನೋ. ಕುವೈತಲ್ಲಿ ನಾಲ್ಕು ಅಂದ್ರೆ ನಮ್ಮೂರಲ್ಲಿ ಆರೂವರೆ, ಅಮ್ಮ ಆ ಹೊತ್ತಿಗೆ ಒಲೆ ಹಚ್ಚಿ ರಾಗಿ ಗಂಜಿಗೆ ನೀರಿಟ್ಟಿರ್ತಾಳೆ. ಅಷ್ಟು ನೆನೆಸ್ಕೊಂಡು, ಒಂದು ಮಾತೂ ಆಡದೆ, ಧೂಳಿನ ಬಿಸಿಗಾಳಿ ಮುಖಕ್ಕೆ ಹೊಡೆಸ್ಕೊಂಡು ಕಿಟಕಿ ಮುಚ್ತಿದ್ದೆ. ಐದನೇ ತಿಂಗಳು ಒಂದಿನ ಕಿಟಕಿ ಹತ್ರಾನೇ ಜೋರಾಗಿ ಅಳು ಬಂತು, ಯಾಕೆ ಹೀಗೆ ಮಾಡ್ದೆ ಅಂತ ಬಾಯಿಗೆ ಬಂದ ಹಾಗೆ ಕೇಳ್ದೆ, ಅವತ್ತಿಂದ ಮಾತು ಶುರು ಆಯ್ತು. ಅಪ್ಪನ ವಿಷಯಕ್ಕೆ ನನಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಹಾಗೆ ಒಂದೇ ಒಂದು ಹಿಡ್ಕೋ, ಚಿಕ್ಕದು, ಯಾರೂ ಕಿತ್ಕೊಳ್ಳೋಕಾಗದ್ದು. ಅಕ್ಕಿ ತೊಳೆಯೋವಾಗ ಮೊದಲ ನೀರಿಗೆ ದೊಡ್ಡ ಮಗುವಿನ ಹೆಸರು, ಎರಡನೇ ನೀರಿಗೆ ಚಿಕ್ಕದರ ಹೆಸರು, ಅಷ್ಟು ಸಾಕು. ರಂಜಾನ್ ತಿಂಗಳಲ್ಲಿ ಇಫ್ತಾರ್ ಅಡುಗೆ, ಆಮೇಲೆ ಬೆಳಗಿನ ಜಾವದ ಊಟ, ಪಾತ್ರೆ, ನಿದ್ದೆ ಎರಡು ಮೂರು ಗಂಟೆ ಸಿಕ್ಕಿದ್ರೆ ಹೆಚ್ಚು, ಆಗಂತೂ ಉಪವಾಸ ಪ್ರಾರ್ಥನೆ ಅದು ಇದು ಅಂತ ಮೈ ಹಾಳು ಮಾಡ್ಕೋಬೇಡ, ಹೊಟ್ಟೆ ತುಂಬ ತಿಂದು ಮಲಗು. ಕುವೈತ್ ಸಿಟೀಲಿ ಚರ್ಚ್‌ಗಳು ಇರೋದು ನಿಜ, ಅಲ್ಲಿ ಶುಕ್ರವಾರ ರಜಾ ಆದ್ರಿಂದ ಶುಕ್ರವಾರಾನೇ ಆರಾಧನೆ, ತೆಲುಗು ಸಭೆಗಳೂ ಇವೆ, ಶ್ರೀನಿವಾಸಪುರದವಳು ನೀನು, ತೆಲುಗು ನಿನಗೆ ಬರತ್ತೆ. ರಜಾ ಕೇಳೋವಾಗ ಚರ್ಚ್‌ಗೆ ಅಂತ ಕೇಳ್ಬೇಡ, ವಾರದ ರಜಾ ಅಂತ ಕೇಳು, ಅದು ನಿನ್ನ ಹಕ್ಕು.

ಊರಿಗೆ ಫೋನ್ ಮಾಡಿದಾಗ ಎಲ್ಲ ಚೆನ್ನಾಗಿದೆ ಅಂತಾನೇ ಹೇಳ್ತಿರ್ತೀಯ, ನನಗೆ ಗೊತ್ತು, ನಾವೆಲ್ಲ ಹಾಗೇ ಮಾಡಿದ್ದು. ಮಕ್ಕಳಿಗೆ ಹೇಳ್ಬೇಡ, ಅತ್ತೆಗೂ ಬೇಡ. ಯಜಮಾನರಿಗೆ ಮಾತ್ರ ಇವತ್ತು ರಾತ್ರಿ ನಿಜ ಹೇಳು, ಸಂಬಳದ್ದು, ಮೇಡಂ ಕೈ ಮಾಡಿದ್ದು, ಎರಡೂ. ಆಮೇಲೆ ನೀನಿರೋ ಏರಿಯಾ, ಬ್ಲಾಕು, ರಸ್ತೆ, ಮನೆ ನಂಬರು ಬರೆದು ಕಳ್ಸು, ಬತಾಕ ಎರಡೂ ಕಡೆ ಫೋಟೋ ತೆಗೆದು ಕಳ್ಸು. ಅವರು ಕೋಲಾರಕ್ಕೆ ಬರ್ಲಿ, ಮಂಗಳವಾರ ಶುಕ್ರವಾರ ಬೆಳಿಗ್ಗೆ ಹತ್ತರಿಂದ ನಾನು ಚರ್ಚ್ ಪಕ್ಕದ ರೂಮಲ್ಲೇ ಇರ್ತೀನಿ. ನಿನ್ನ ಪಾಸ್‌ಪೋರ್ಟ್ ಜೆರಾಕ್ಸು, ವೀಸಾ ಕಾಪಿ, ಏಜೆಂಟಿಗೆ ದುಡ್ಡು ಕಟ್ಟಿದ ಚೀಟಿ ಏನಿದ್ಯೋ ಎಲ್ಲ ತರೋಕೆ ಹೇಳು, ಮದದ್ ಅರ್ಜಿ ನಾನೇ ಅವರ ಜೊತೆ ಕೂತು ತುಂಬಿಸ್ತೀನಿ.